ಸೋದರಮಾವನ ಮೊಣಕಾಲು

ಸಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಅಂತ ನಮ್ಮ ಹಿರಿಯರು ನನಗೆ ಹೇಳಿಕೊಟ್ಟಿದ್ದರು. ನಾನು ಇಟ್ಟುಕೊಂಡೆ. ನೀರು ಹಾಕಿ, ಗೊಬ್ಬರ ಹಾಕಿ ಬೆಳೆಸಿದೆ ಅಂತಲೇ ಹೇಳಬೇಕು. ಯಾಕೆಂದು ಹೇಳುತ್ತೇನೆ. ಮನೆಯಲ್ಲಿ ಗಂಡು ಕೂಸು ಹುಟ್ಟಿದೆ, ಮುಂದೊಗಲು ತೆಗೆಯುವ ಸುಂತಿ ಮನೆಯಲ್ಲೇ ಮಾಡಿಸಿಬಿಡೋಣ ಅನ್ನುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಕೂಸನ್ನು ತೊಟ್ಟಿಲಲ್ಲಿ ಹಾಕಿ ಬಂದು ಓದಲಿ.

ತಿಕೋಟಾ ಕಡೆಯ ಒಂದು ಉಪಕೇಂದ್ರದಲ್ಲಿ ನಾನು ನರ್ಸ್. ಗುರುವಾರ ಚುಚ್ಚುಮದ್ದಿನ ದಿನ. ಆವತ್ತು ಮುಂಜಾನೆ ಲಸಿಕೆಯ ಡಬ್ಬಿ ತೆರೆದು ಇನ್ನೂ ಮೊದಲ ಕೂಸಿಗೂ ಸೂಜಿ ಹಾಕಿರಲಿಲ್ಲ, ಆಶಾ ಕಾರ್ಯಕರ್ತೆಯ ಫೋನ್ ಬಂತು.

"ಅಕ್ಕಾರ, ಲಗೂನ ಬರ್ರಿ. ಹನ್ನೆರಡು ದಿನದ ಕೂಸಿಗೆ ನಿನ್ನಿ ಸುಂತಿ ಮಾಡ್ಯಾರ. ರಕ್ತ ನಿಂತಿಲ್ಲ. ಬಿಳಿಚಿಕೊಂಡೈತಿ."

ಮನೆ ದೂರವಿರಲಿಲ್ಲ. ತಗಡಿನ ಪಡಸಾಲೆ, ಕೂಸು ಅಜ್ಜಿಯ ತೊಡೆಯ ಮೇಲೆ, ತಾಯಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಇನ್ನೊಂದು ಮೂಲೆಯ ಹಗ್ಗದ ಹೊರಸಿನ ಮೇಲೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಕಾಲು ಚಾಚಿ ಒರಗಿದ್ದ. ಅವನು ತಾಯಿಯ ತಮ್ಮ. ಬಾತ ಮೊಣಕಾಲಿಗೆ ಬಟ್ಟೆ ಸುತ್ತಿದ್ದರು. ನಾನು ಅವನನ್ನು ನೋಡಿದೆ, ಆದರೆ ನೋಡಲಿಲ್ಲ. ಆ ತಪ್ಪು ನನ್ನದು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಕೂಸಿನ ಅರಿವೆ ಬಿಚ್ಚಿದೆ. ಮೇಲೆ ಸುಟ್ಟ ಹತ್ತಿಯ ಬೂದಿ, ಅದರ ಕೆಳಗೆ ಬಟ್ಟೆ, ಅದರ ಕೆಳಗೆ ಮತ್ತೊಂದು ಬಟ್ಟೆ. ಬುಡಕ್ಕೆ ದಾರ ಬಿಗಿದಿತ್ತು. ತುದಿ ನೀಲಿಯಾಗಿತ್ತು.

"ನಿನ್ನಿಯಿಂದ ಎಷ್ಟು ಅರಿವೆ ಬದಲಿಸೀರಿ?"

"ಐದು," ಅಂದಳು ಅಜ್ಜಿ.

"ಎಲ್ಲಿ ಅದಾವ?"

"ತೊಳ್ಯಾಕ ಹಾಕೇನ್ರಿ."

"ತೊಳೀಬ್ಯಾಡ್ರಿ ಬೇ. ಎಷ್ಟು ತೊಯ್ದಾವ ಅಂತ ಡಾಕ್ಟರ್ ನೋಡಬೇಕು."

ಒಂದೇ ಒಂದು ಅರಿವೆ ನೀರಿಗೆ ಬಿದ್ದಿರಲಿಲ್ಲ. ತಾಯಿ ಎದ್ದು ಅದನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡಳು. ಇಂಥ ಹೊತ್ತಿನಲ್ಲಿ ಎಂಟಾಣೆ ಅಗಲದ ಕಲೆ ಕಂಡರೆ ಕಾಯಬಹುದು. ಅರಿವೆ ಹಿಂಡಿದರೆ ಹನಿ ಬೀಳುವ ಹಾಗಿದ್ದರೆ ಬೂದಿ, ಅರಿಷಿಣ, ಕಾಫಿ ಪುಡಿ ಯಾವುದೂ ಬೇಡ, ಗಾಡಿ ಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಹಚ್ಚಿ, ಕಂಡದ್ದನ್ನೆಲ್ಲ ಹೇಳಿ, ಅವರು ಹೂಂ ಅಂದ ಮೇಲೆ ಆ ದಾರ ಕತ್ತರಿಸಿದೆ. ಬಿಟ್ಟಿದ್ದರೆ ತುದಿ ಸತ್ತುಹೋಗುತ್ತಿತ್ತು. ಶುದ್ಧ ಗಾಜ್ ಇಟ್ಟು ಎರಡು ಬೆರಳಲ್ಲಿ ಒತ್ತಿ ಹಿಡಿದೆ. ಒತ್ತಿ ಹಿಡಿಯುವುದೆಂದರೆ ಒತ್ತಿ ಹಿಡಿಯುವುದೇ. ನಿಂತಿತೋ ಇಲ್ಲವೋ ಅಂತ ನಡುನಡುವೆ ತೆರೆದು ನೋಡಿದರೆ ಮತ್ತೆ ಮೊದಲಿನಿಂದ ಶುರು. ಅಂಬುಲೆನ್ಸ್ ಬಂತು. ತಿಕೋಟಾದಿಂದ ವಿಜಯಪುರದವರೆಗೆ ನನ್ನ ಬೆರಳು ಅಲ್ಲಿಂದ ಏಳಲಿಲ್ಲ. ಇನ್ನೊಂದು ಕೈಯಲ್ಲಿ ತಾಯಿ ಕಾರ್ಡ್ ತಿರುವಿ ನೋಡಿದೆ. ಹುಟ್ಟಿದ ದಿನ ರಕ್ತ ಹೆಪ್ಪುಗಟ್ಟಲಿ ಅಂತ ಕೊಡುವ ವಿಟಮಿನ್ ಕೆ ಸೂಜಿ ಆಗಿತ್ತು. ಹಾಗಾದರೆ ಯಾಕೆ ನಿಲ್ಲುತ್ತಿಲ್ಲ?

ಉತ್ತರ ದವಾಖಾನೆಯಲ್ಲಿ ಎರಡು ದಿನದ ಮೇಲೆ ಬಂತು. ಕುಸುಮ ರೋಗ. ರಕ್ತ ಹೆಪ್ಪುಗಟ್ಟದ ಬೇನೆ. ತಾಯಿಯ ಕಡೆಯಿಂದ ಇಳಿದು ಬರುತ್ತದೆ, ಗಂಡುಮಕ್ಕಳನ್ನು ಹಿಡಿಯುತ್ತದೆ. ರಕ್ತ ಕೊಟ್ಟರು, ಅದಕ್ಕೆಂದೇ ಇರುವ ಇಂಜೆಕ್ಷನ್ ಕೊಟ್ಟರು, ಕೂಸು ಉಳಿಯಿತು. ಆದರೆ ಬ್ಲೇಡು ಚರ್ಮದಲ್ಲಿ ನಿಂತಿರಲಿಲ್ಲ, ಕೆಳಗೆ ಮೂತ್ರನಾಳದ ತನಕ ಇಳಿದಿತ್ತು. ಗಾಯ ಮಾಗಿದ ಮೇಲೆ ನೋಡಿದರೆ ಕೂಸಿನ ಉಚ್ಚೆ ಎರಡು ಧಾರೆ. ಒಂದು ತುದಿಯಿಂದ, ಇನ್ನೊಂದು ಕೆಳಗಿನ ತೂತಿನಿಂದ.

ಸರ್ಜನ್ ಹೇಳಿದರು, ಸ್ವಲ್ಪ ದೊಡ್ಡವನಾದ ಮೇಲೆ ಆಪರೇಷನ್ ಮಾಡೋಣ, ಈ ಬೇನೆ ಇರುವುದರಿಂದ ಅದೂ ಸುಲಭವಲ್ಲ ಅಂತ. ತಾಯಿ ನನ್ನ ಸೆರಗು ಹಿಡಿದು ಕೇಳಿದಳು: "ಅಕ್ಕಾರ, ಇವ ಸಾಲಿಗೆ ಹೋದಾಗ ಹುಡುಗರ ನಡುವ ನಿಂತು ಹೊಯ್ತಾನೇನ್ರಿ?"

ಸಿಟ್ಟು ಹುಟ್ಟಿದ್ದು ಅಲ್ಲಿ.

ಮಾಡಿದವನಿಗೆ ಜನ ಚೀಲದ ಡಾಕ್ಟರ್ ಅನ್ನುತ್ತಿದ್ದರು. ಮೊದಲು ಯಾವುದೋ ದವಾಖಾನೆಯಲ್ಲಿ ಕಸ ಹೊಡೆದು, ಡ್ರೆಸ್ಸಿಂಗ್ ಕಲಿತು, ಆಮೇಲೆ ಒಂದು ಕರಿ ಚೀಲ, ಒಂದು ಮೋಟರ್ ಸೈಕಲ್ ತಗೊಂಡು ತಾನೇ ಡಾಕ್ಟರ್ ಆದವನು. ಅವನ ಚೀಟಿಯಲ್ಲಿ 'ನೋವಿಲ್ಲ, ಹೊಲಿಗೆ ಇಲ್ಲ, ಮನೆ ಬಾಗಿಲಿಗೆ' ಅಂತ ಅಚ್ಚು ಹಾಕಿಸಿದ್ದ. ಫೋನ್ ಮಾಡಿದೆ.

"ಸಿಸ್ಟರ್," ಅಂದ, ನಗುತ್ತ, "ನೀವು ಪೋಲಿಯೋ ಹನಿ ಹಾಕ್ರಿ. ನಮ್ಮ ಕೆಲಸದಾಗ ಯಾಕ ಬರ್ತೀರಿ? ನಾ ಬಿಗಿದ ದಾರ ಕತ್ತರಿಸಿದೋರು ನೀವು. ರಕ್ತ ಹರದಿದ್ದು ನಿಮ್ಮ ಕೈಯಾಗ."

ಫೋನಿನಲ್ಲಿ ಹೇಳಿದ್ದನ್ನು ಊರಿನಲ್ಲೂ ಹೇಳಿಕೊಂಡು ತಿರುಗಿದ. ಮುಂದಿನ ಗುರುವಾರ ಬರಬೇಕಾದ ತಾಯಂದಿರಲ್ಲಿ ಅರ್ಧ ಜನ ಬರಲಿಲ್ಲ. ಆಶಾ ತಲೆ ತಗ್ಗಿಸಿ ಹೇಳಿದಳು: "ಕೂಸಿನ ದಾರ ಕತ್ತರಿಸೋ ನರ್ಸ್ ಅಂತ ಅನ್ನಾಕತ್ತಾರ್ರಿ ನಿಮಗ." ಬಂದವರೂ ನನ್ನ ಕೈಯನ್ನೇ ನೋಡುತ್ತಿದ್ದರು, ಕತ್ತರಿ ಇದೆಯೋ ಅಂತ.

ಕೂಸಿನ ತಂದೆಗೆ ಪೊಲೀಸ್ ಕಂಪ್ಲೇಂಟ್ ಕೊಡೋಣ ಅಂದರೆ, "ಕರಸಿದೋರು ನಾವ. ಮಂದ್ಯಾಗ ನಮ್ಮದ ಮಾನ ಹೋಗತೈತಿ, ಬಿಡ್ರಿ," ಅಂದ. ಅವನು ಬಿಟ್ಟ. ನಾನು ಬಿಡಲಿಲ್ಲ.

ನಮ್ಮ ಮನೆತನದಲ್ಲಿ ಸುಂತಿಯ ಪದ್ಧತಿ ಇಲ್ಲ. ಅದರ ರೀತಿ ರಿವಾಜು ನನಗೆ ತಿಳಿಯದು. ತಿಳಿಯದೆ ಜಗಳಕ್ಕೆ ಹೋದರೆ ಬಾಯಿ ಮುಚ್ಚಿಸಿ ಕಳಿಸುತ್ತಾರೆ. ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಬಜಾರದ ಓಣಿಯಲ್ಲಿ ಒಬ್ಬ ಮುದುಕರಿದ್ದಾರೆ. ತಂದೆಯ ಕಾಲದಿಂದ ಈ ಕೆಲಸದ ಮನೆತನ. ಈಗ ಮಗ ಕಟಿಂಗ್ ಅಂಗಡಿ ನಡೆಸುತ್ತಾನೆ, ಇವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಎಲ್ಲರೂ ಚಾಚಾ ಅನ್ನುತ್ತಾರೆ. ಅವರ ಮುಂದೆ ಹೋಗಿ ನಿಂತು, ಮನೆಯಲ್ಲಿ ಬ್ಲೇಡು ಹಿಡಿಯುವವರೆಲ್ಲ ಕಟುಕರು ಅನ್ನುವ ಧಾಟಿಯಲ್ಲೇ ಕಥೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಒಂದೇ ಮಾತು ಕೇಳಿದರು.

"ಬಾಯಾರ, ಕೂಸಿನ್ನ ಯಾರ ತೊಡಿ ಮ್ಯಾಲ ಕುಂದರಿಸಿದ್ರು?"

"ಕಾಕಾನ ತೊಡಿ ಮ್ಯಾಲಂತ್ರಿ."

"ಮಾಮು ಎಲ್ಲಿದ್ದ? ತಾಯಿ ತಮ್ಮ?"

ಆಗ ನನ್ನ ಕಣ್ಣ ಮುಂದೆ ಆ ಹೊರಸು ಬಂತು. ಚಾಚಿದ ಕಾಲು, ಮೊಣಕಾಲಿನ ಬಟ್ಟೆ.

"ಅವಗ ನೆಲದ ಮ್ಯಾಲ ಕುಂದ್ರಾಕ ಬರೂದಿಲ್ಲ," ಅಂದೆ. "ಮೊಣಕಾಲು ಬಾತಾವ."

ಮುದುಕರು ಕಣ್ಣು ಮುಚ್ಚಿದರು. "ಕೂಸು ಮಾಮುನ ತೊಡಿ ಮ್ಯಾಲ ಇರಬೇಕು ಅಂತ ನಮ್ಮಪ್ಪ ಹಟಾ ಹಿಡೀತಿದ್ದ. ಮಂದಿ ಅದು ಮಾಮುಗ ಕೊಡೋ ಮಾನ ಅಂತ ತಿಳಕೊಂಡಾರ. ಮಾನ ಅಲ್ರಿ, ಅದು ಪರೀಕ್ಷಾ. ಮಾಮು ಕಾಲು ಮಡಚಿ ನೆಲಕ್ಕ ಕುಂತ್ರ ನಾವು ಚೀಲಾ ಬಿಚ್ಚತಿದ್ವಿ. ಮೊಣಕಾಲು ಬಾತೋನು, ಹಾಲ್ಹಲ್ಲು ಬಿದ್ದಾಗ ಎರಡು ದಿನ ರಕ್ತ ಉಗುಳಿದೋನು ಇದ್ರ, ಚಾ ಕುಡದು ಎದ್ದು ಬರತಿದ್ವಿ. ಬ್ಯಾನಿ ಹೆಸರು ನಮಗ ಗೊತ್ತಿದ್ದಿಲ್ಲ. ಮಾಮುನ ಮೊಣಕಾಲು ಗೊತ್ತಿತ್ತು."

ಇನ್ನೂ ಹೇಳಿದರು. ಕೂಸು ಉಚ್ಚೆ ಹೊಯ್ಯುವುದನ್ನು ಕಣ್ಣಾರೆ ನೋಡುವ ತನಕ ಕೈ ಹಚ್ಚುತ್ತಿರಲಿಲ್ಲವಂತೆ. ಧಾರೆ ತುದಿಯಿಂದ ಬರಬೇಕು. ಕೆಲವು ಕೂಸುಗಳಿಗೆ ಹುಟ್ಟುತ್ತಲೇ ತೂತು ಕೆಳಗಿರುತ್ತದೆ. ಅಂಥ ಕೂಸಿನ ಚರ್ಮ ಮುಟ್ಟಲೇಬಾರದು, ಮುಂದೆ ದವಾಖಾನೆಯವರು ಆ ಚರ್ಮದಿಂದಲೇ ಅದನ್ನು ಸರಿ ಮಾಡಬೇಕು. ಕಾಮಣಿಯಾಗಿ ಮೈ ಹಳದಿಯಾದ ಕೂಸು, ಮೊಲೆ ಸರಿಯಾಗಿ ಚೀಪದ ಕೂಸು, ತೂಕ ಹತ್ತದ ಕೂಸು, ಇವೂ ಬೇಡ. ಮಾಡಿದ ಮೇಲೆ ಅರ್ಧ ದಿನದೊಳಗೆ ಉಚ್ಚೆ ಹೊಯ್ಯಬೇಕು, ಹೊಯ್ಯದಿದ್ದರೆ ದವಾಖಾನೆ. ಎರಡು ಮೂರು ದಿನಕ್ಕೆ ತುದಿಯ ಮೇಲೆ ಹಳದಿ ಪೊರೆ ಬಂದರೆ ಅದು ಕೀವಲ್ಲ, ಗಾಯ ಮಾಯುವ ಬಗೆ, ಕೆರೆಯಬಾರದು. ಇದೆಲ್ಲ ನಾನು ಓದಿದ ಪುಸ್ತಕದಲ್ಲೂ ಇತ್ತು. ಮೊಣಕಾಲು ಇರಲಿಲ್ಲ.

"ಈಗ ನೀವು ಮಾಡ್ತೀರೇನ್ರಿ?" ಅಂತ ಕೇಳಿದೆ.

"ಕಣ್ಣು ಮಸುಕಾಗ್ಯಾವ. ಬಂದೋರ್ನ ಸರ್ಜನ್ ಕಡೆ ಕಳಸ್ತೀನಿ. ದೊಡ್ಡ ದೀಪಾ ಐತಿ, ರಕ್ತದ ಬಾಟಲಿ ಐತಿ. ನಮ್ಮ ಕಡೆ ಏನಿತ್ತು? ಬೂದಿ."

ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಆ ತಾಯಿಯ ಫೋನ್ ಬಂತು. ಅವಳ ಅಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಅಕ್ಕನಿಗೂ ಗಂಡು ಹುಟ್ಟಿ ಇಪ್ಪತ್ತು ದಿನ. ಮೂರು ದಿನ ಬಿಟ್ಟು ಸುಂತಿ, ಮನೆಯಲ್ಲೇ, ಅದೇ ಚೀಲದವನಿಂದ.

"ನೀ ಹೇಳಲಿಲ್ಲೇನು?"

"ಹೇಳೇನ್ರಿ. ನಮ್ಮಕ್ಕನ ಅತ್ತಿ ಕೇಳವಲ್ಲಳು. ನರ್ಸ್ ದಾರ ಕತ್ತರಿಸಿದ್ದಕ್ಕ ಹಂಗಾತು, ಡಾಕ್ಟರ್ ತಪ್ಪಿಲ್ಲ ಅಂತಾಳ."

ನನ್ನ ಹೆಸರಿಗೆ ಅವನು ಹಚ್ಚಿದ ಮಸಿ ಈಗ ಇನ್ನೊಂದು ಕೂಸಿನ ತೊಟ್ಟಿಲ ತನಕ ಹರಿದಿತ್ತು. ಅದೇ ತಾಯಿಬೇರು, ಅದೇ ಸೋದರಮಾವ, ಅದೇ ಬ್ಲೇಡು.

ತಾಲೂಕಿನ ಆರೋಗ್ಯ ಅಧಿಕಾರಿಯ ಹತ್ತಿರ ಓಡಿದೆ. ಅವರು ಪೂರ್ತಿ ಕೇಳಿದರು. "ಸಿಸ್ಟರ್, ಬರೀ ಮಾತಿನ ಮ್ಯಾಲ ಹಿಡಿಯಾಕ ಬರೂದಿಲ್ಲ. ಚೀಲ ಬಿಚ್ಚಿ, ಕೈಯಾಗ ಹತ್ಯಾರ ಇದ್ದಾಗ ಸಿಗಬೇಕು. ಪೊಲೀಸರನ್ನ ಕರಕೊಂಡು ಹತ್ತಕ್ಕ ಅಲ್ಲಿರ್ತೀವಿ, ಕೂಸಿನ್ನ ಮುಟ್ಟಗೊಡೂದಿಲ್ಲ. ಆದ್ರ ಸುದ್ದಿ ಹೊರಗ ಹೋದ್ರ ಅವ ಬರೂದಿಲ್ಲ. ಮನಿಯವರಿಗೂ ಹೇಳಬ್ಯಾಡ್ರಿ."

ಹೂಂ ಅಂದೆ. ಬಹಳ ಖುಷಿಯಿಂದ ಹೂಂ ಅಂದೆ. ಎರಡು ದಿನ ಅದೇ ನೆನಪಿನಲ್ಲಿ ಅಡಿಗೆ ಮಾಡಿದೆ, ಅದೇ ನೆನಪಿನಲ್ಲಿ ರಜಿಸ್ಟರ್ ಬರೆದೆ. ಅವನ ಕೈಗೆ ಬೇಡಿ ಬೀಳುವಾಗ ನಾನು ಎಲ್ಲಿ ನಿಂತಿರಬೇಕು, ಯಾವ ಸೀರೆ ಉಟ್ಟಿರಬೇಕು ಅನ್ನುವ ತನಕ ಯೋಚಿಸಿದ್ದೆ.

ಸುಂತಿಯ ಹಿಂದಿನ ದಿನ ಕೆಲಸದ ಮೇಲೆ ವಿಜಯಪುರಕ್ಕೆ ಹೋದವಳು ಚಾಚಾಗೆ ಈ ಸಂಗತಿ ಹೇಳಿದೆ. ಶಾಬಾಸ್ ಅನ್ನುತ್ತಾರೆ ಅಂದುಕೊಂಡಿದ್ದೆ.

"ಜೀಪ್ ತಡಾ ಆದ್ರ?" ಅಂದರು.

"ಹತ್ತಕ್ಕ ಬರ್ತೀವಂತ ಹೇಳ್ಯಾರ್ರಿ," ಅಂದೆ.

"ನಾಳೆ ಬಬಲೇಶ್ವರದಾಗ ಸಂತಿ. ರಸ್ತೆ ತುಂಬ ಎತ್ತು, ಗಾಡಿ. ಅವಗ ಎರಡು ನಿಮಿಷ ಸಾಕು. ನೀವು ಹುಲಿ ಹಿಡಿಯಾಕ ಹೊಂಟೀರಿ, ಚಲೋ. ಗೂಟಕ್ಕ ಕಟ್ಟೀರಲ್ಲ, ಅದು ಆಡು ಅಲ್ರಿ. ಕೂಸು."

ಮುಖಕ್ಕೆ ತಣ್ಣೀರು ಹೊಡೆದ ಹಾಗಾಯಿತು. ಎರಡು ದಿನದಲ್ಲಿ ಒಮ್ಮೆಯೂ ನನಗೆ ಆ ಕೂಸಿನ ಮುಖ ಕಲ್ಪನೆಗೆ ಬಂದಿರಲಿಲ್ಲ. ಬಂದದ್ದೆಲ್ಲ ಅವನ ಮುಖ. ಅವನು ಸಿಗದೆ ಹೋದರೂ ಹೋಗಲಿ, ಮನೆಯವರಿಗೆ ಹೇಳಬೇಕು. ಅಲ್ಲಿಂದಲೇ ತಿಕೋಟಾದ ಆ ತಾಯಿಗೆ, ಅಂದರೆ ಬಬಲೇಶ್ವರದವಳ ತಂಗಿಗೆ, ಫೋನ್ ಮಾಡಿದೆ: "ನಾಳೆ ಮೊದಲ ಬಸ್ಸಿಗೆ ನಿನ್ನ ಮಗನ್ನ ಕರಕೊಂಡು ಬಬಲೇಶ್ವರಕ್ಕ ಬಾ. ಆ ಅರಿವಿ ಇನ್ನೂ ಐತೇನು?"

"ಐತ್ರಿ. ತೊಳೀಬ್ಯಾಡ ಅಂದಿದ್ರಲ್ಲ. ತೊಳದಿಲ್ಲ."

ಮರುದಿನ ಏಳು ಗಂಟೆಗೆ ನಾನು, ಮಗನನ್ನು ಎತ್ತಿಕೊಂಡ ತಂಗಿ ಆ ಮನೆಯಲ್ಲಿದ್ದೆವು. ಸುಂತಿಗೆಂದು ಸೋದರಮಾವನೂ ಬಂದಿದ್ದ. ಅತ್ತೆ ಗಟ್ಟಿ ಹೆಂಗಸು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕತ್ತರಿ ತಂದೀಯೇನವಾ?" ಅಂದಳು.

"ಇಲ್ಲಬೇ. ಒಂದು ಮಾತು ಕೇಳಾಕ ಬಂದೀನಿ. ನಿಮ್ಮ ಸೊಸಿ ತಮ್ಮ ಬಂದಾನಲ್ಲ, ಅವನ್ನ ನೆಲದ ಮ್ಯಾಲ ಕುಂದ್ರಾಕ ಹೇಳ್ರಿ."

"ಅವ ಪಾಪ, ಹೆಂಗ ಕುಂದ್ರತಾನ? ಸಣ್ಣಾಂವಿದ್ದಾಗಿಂದ ಮೊಣಕಾಲ ಬ್ಯಾನಿ."

"ಯಾವ ಬ್ಯಾನಿ ಅಂತ ಯಾರರೆ ಕೇಳೀರೇನು?"

ಹುಡುಗನೇ ಬಾಯಿ ಬಿಟ್ಟ. ಬಿದ್ದರೆ ಮೊಣಕಾಲಲ್ಲಿ ರಕ್ತ ಕಟ್ಟುತ್ತದೆ, ಹಲ್ಲು ಬಿದ್ದಾಗ ದಿಂಬೆಲ್ಲ ಕೆಂಪಾಗಿತ್ತು, ತನ್ನ ಸುಂತಿಗೆ ಬಂದ ಮುದುಕರು ಮೊಣಕಾಲು ನೋಡಿ, ಚಾ ಕುಡಿದು ಎದ್ದು ಹೋಗಿದ್ದರು ಅಂದ. ಯಾವ ಮುದುಕರು ಅಂತ ನಾನು ಕೇಳಲಿಲ್ಲ, ಕೇಳಬೇಕಾಗಿರಲಿಲ್ಲ.

ಅತ್ತೆ ಇನ್ನೂ ಗೋಣು ಹಾಕುತ್ತಿರಲಿಲ್ಲ. ಆಗ ತಂಗಿ ತನ್ನ ಮಗನ ಲಂಗೋಟಿ ಬಿಚ್ಚಿ ಅತ್ತೆಯ ತೊಡೆಯ ಮೇಲೆ ಇಟ್ಟಳು. ಎಲ್ಲರೂ ಕಾದೆವು. ಕೂಸು ಕಾಲು ಝಾಡಿಸಿ ಹೊಯ್ದಿತು. ಒಂದು ಧಾರೆ ಮೇಲಕ್ಕೆ, ಒಂದು ಧಾರೆ ಕೆಳಕ್ಕೆ. ಅತ್ತೆಯ ಸೀರೆ ತೊಯ್ದಿತು. ಅವಳು ಒರೆಸಿಕೊಳ್ಳಲಿಲ್ಲ.

"ಫೋನ್ ಮಾಡಿ ಬರಬ್ಯಾಡ ಅಂತ ಹೇಳೂನೇನ್ರಿ?" ಅಂದಳು ಸೊಸೆ.

"ಬ್ಯಾಡ," ಅಂದಳು ಅತ್ತೆ. "ಬರಲಿ ಆ ಭಾಡ್ಯಾ."

ಅಧಿಕಾರಿಗೆ ಫೋನ್ ಮಾಡಿ, ಮನೆಯವರಿಗೆ ಹೇಳಿದ್ದೇನೆ, ಕೂಸನ್ನು ವಿಜಯಪುರಕ್ಕೆ ರಕ್ತ ತಪಾಸಣೆಗೆ ಕಳಿಸುತ್ತಿದ್ದೇನೆ ಅಂದೆ. "ಚಲೋ ಮಾಡಿದ್ರಿ. ನಾವು ಬರ್ತೀವಿ," ಅಂದರು. ಎಂಟೂವರೆ ಬಸ್ಸಿಗೆ ಸೊಸೆ ಕೂಸನ್ನು ಎತ್ತಿಕೊಂಡು ಗಂಡನ ಜೊತೆ ಹೋದಳು. ಇನ್ನು ಮುಂದಿನದೆಲ್ಲ ಅತ್ತೆಯ ಆಟ.

ಒಂದು ಸಣ್ಣ ಕೌದಿಯನ್ನು ಕೂಸಿನ ಅಳತೆಗೆ ಸುರುಳಿ ಸುತ್ತಿ, ಟೋಪಿ ಹಾಕಿ, ಹೊರಸಿನ ತುದಿಗೆ ಕೂತ ಸೋದರಮಾವನ ತೊಡೆಯ ಮೇಲೆ ಮಲಗಿಸಿದರು. ಮೇಲೊಂದು ಹಸಿರು ಓಢಣಿ. ಸುರುಳಿಯ ಒಳಗೆ ತಂಗಿ ಆ ಅರಿವೆ ಇಟ್ಟಳು. ನಾನು ಅಡಿಗೆ ಮನೆಯಲ್ಲಿ ಬಾಗಿಲ ಸಂದಿಗೆ ನಿಂತೆ.

ಅವನು ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಬಂದ. ಜೀಪ್ ಬಂದಿರಲಿಲ್ಲ. ಚಾಚಾ ಹೇಳಿದ ಹಾಗೇ ಸಂತೆಯಲ್ಲಿ ಸಿಕ್ಕಿಕೊಂಡಿತ್ತು. ಸಂದಿಯಿಂದ ಅತ್ತೆಗೆ ಕೈಸನ್ನೆ ಮಾಡಿದೆ. ಅವಳಿಗೆ ಮುಂಜಾನೆಯೇ ಪಾಠ ಹೇಳಿದ್ದೆ.

"ಡಾಕ್ಟರ್ರ, ಕೈ ತೊಳಕೋರಿ," ಅಂದಳು. "ಸಾಬಣ ಹಚ್ಚಿ. ಮೊಣಕೈತನಾ."

ತೊಳೆದ.

"ಉಂಗುರ ತಗದು ಇನ್ನೊಮ್ಮಿ."

ತೊಳೆದ.

"ಕತ್ತರಿ, ಚಿಮಟಾ ಕುದಸಬೇಕಂತ. ಇಲ್ಲೆ ಸ್ಟೋವ್ ಮ್ಯಾಲ ಬೋಗುಣಿ ಐತಿ. ಇಪ್ಪತ್ತು ನಿಮಿಷ."

"ಏ ಅಮ್ಮಾ, ನಾ ಸ್ಪಿರಿಟ್ ಹಾಕ್ತೀನಿ. ಇದೇನು ಚಾ ಕುದಿಸೂದೇನು?"

"ಒಂದ ಮೊಮ್ಮಗ ಐತ್ರಿ. ಕುದಸ್ರಿ."

ನೀರು ಕುದಿಯಿತು. ಅವನು ಗಡಿಯಾರ ನೋಡಿದ, ಫೋನ್ ನೋಡಿದ. ಅತ್ತೆ ಮುಂದುವರಿಸಿದಳು. ರಕ್ತ ನಿಲ್ಲದಿದ್ದರೆ ಏನು ಮಾಡ್ತೀರಿ? ಎಲ್ಲಿ ಕಲಿತೀರಿ? ಸೋದರಮಾವ ಯಾಕೆ ನೆಲಕ್ಕೆ ಕೂತಿಲ್ಲ ಅಂತ ಕೇಳಿದಿರಾ?

"ಅವ ಎಲ್ಲಿ ಕುಂತ್ರ ನನಗೇನು?" ಅಂದ.

ಬಾಗಿಲ ಹಿಂದೆ ನನಗೆ ಕೇಳಬೇಕಾದದ್ದು ಅಷ್ಟೇ ಇತ್ತು. ಒಂದು ಬ್ಲೇಡು ಒಂದು ಕೂಸಿನ ಬಾಳು ಸೀಳಿದೆ, ಅದನ್ನು ಹಿಡಿದವನಿಗೆ ಕೇಳಬೇಕಾದ ಒಂದೇ ಪ್ರಶ್ನೆ ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ಚಿಮಟ ಎಡಗೈಯಲ್ಲಿ, ಬ್ಲೇಡು ಬಲಗೈಯಲ್ಲಿ ಹಿಡಿದು ಹೊರಸಿನ ಮುಂದೆ ಮಂಡಿಯೂರಿದ. ಹೊರಗೆ ಜೀಪಿನ ಬಾಗಿಲು ಬಡಿದ ಸದ್ದು. ಅವನಿಗೆ ಕೇಳಲಿಲ್ಲ, ಕೆಲಸದ ಗಡಿಬಿಡಿ. ಕಿರುಬೆರಳಿನಿಂದ ಓಢಣಿ ಸರಿಸಿದ, ಕೌದಿ ಬಿಡಿಸಿದ. ಒಣಗಿ ಅಟ್ಟೆಯಂತಾದ ಕಂದು ಅರಿವೆ ಅವನ ಮುಂದೆ ಬಿದ್ದಿತು.

ಯಾರದೆಂದು ಅವನಿಗೆ ಗೊತ್ತಾಗಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಅಡಿಗೆ ಮನೆಯಿಂದ ಹೊರಗೆ ಬಂದೆ.

"ತಿಕೋಟಾದ್ದು," ಅಂದೆ. "ಐದರಾಗ ಒಂದು. ದಾರ ಕತ್ತರಿಸೂಕಿಂತ ಮೊದಲಿಂದು."

ಬ್ಲೇಡು ಇನ್ನೂ ಅವನ ಕೈಯಲ್ಲೇ ಇತ್ತು. ಅಧಿಕಾರಿ ಬಾಗಿಲಲ್ಲಿ ನಿಂತಿದ್ದರು, ಅವರ ಹಿಂದೆ ಪೊಲೀಸರು. ಅವನು ನನ್ನನ್ನು ನೋಡಿದ, ಅವರನ್ನು ನೋಡಿದ, ಆಮೇಲೆ ಬ್ಲೇಡನ್ನು ಕುದಿಯುವ ಬೋಗುಣಿಯೊಳಗೆ ಹಾಕಿದ. ಅದಾದರೂ ಶುದ್ಧವಾಗಲಿ ಅಂತಲೋ ಏನೋ. ಅತ್ತೆ ನಕ್ಕಳು. ನನಗೆ ನಗು ಬರಲಿಲ್ಲ. ತಂಗಿ ಆ ಅರಿವೆ ಎತ್ತಿ, ಪೊಲೀಸರ ಕೈಗೆ ಕೊಟ್ಟಳು. ಅವಳ ಗಂಡ ಸಂಜೆ ತಾನಾಗಿಯೇ ಬಂದು ಕಂಪ್ಲೇಂಟಿಗೆ ಸಹಿ ಹಾಕಿದ.

ಬಬಲೇಶ್ವರದ ಕೂಸಿಗೂ ಅದೇ ಬೇನೆ ಅಂತ ವರದಿ ಬಂತು. ಅವನ ಸುಂತಿ ಆಗಿಲ್ಲ. ಮುಂದೆ ಆಗುವುದಿದ್ದರೆ ದೊಡ್ಡ ದವಾಖಾನೆಯಲ್ಲಿ, ಇಂಜೆಕ್ಷನ್ ಕೊಟ್ಟು, ಸರ್ಜನ್ ಕೈಯಲ್ಲಿ. ಚಾಚಾ ಆ ಮನೆಗೆ ಹೋಗಿ, ಅವಸರವಿಲ್ಲ, ದೇವರು ಕಾಯುತ್ತಾನೆ ಅಂತ ಹೇಳಿ ಚಾ ಕುಡಿದು ಬಂದರು. ಸೋದರಮಾವನ ಮೊಣಕಾಲಿಗೂ ಈಗ ಸರಿಯಾದ ಔಷಧಿ ನಡೆದಿದೆ. ಇಷ್ಟು ವರ್ಷ ಅದನ್ನು ಎಲ್ಲರೂ ವಾಯು ಅಂದುಕೊಂಡು ಎಣ್ಣೆ ತಿಕ್ಕಿದ್ದರು.

ಗುರುವಾರ ಈಗ ತಾಯಂದಿರು ಬರುತ್ತಾರೆ. ಗಂಡು ಕೂಸಿನ ಕಾರ್ಡ್ ತೆಗೆದಾಗೆಲ್ಲ ನಾನು ಕೇಳುತ್ತೇನೆ: "ನಿನ್ನ ಅಣ್ಣತಮ್ಮಂದಿರು ನೆಲಕ್ಕ ಕುಂದ್ರತಾರೇನವಾ?" ಹೊಸಬರು ನಗುತ್ತಾರೆ. ಹಳಬರು ಅವರಿಗೆ ಯಾಕೆಂದು ಹೇಳುತ್ತಾರೆ.

ಚೀಲದವನು ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ, ಕೇಸ್ ನಡೆದಿದೆ. ಯಾರೂ ಕರೆಯುವುದಿಲ್ಲವಂತೆ. ಹೋದ ವಾರ ಆಶಾಳ ಕೈಯಲ್ಲಿ ಹೇಳಿ ಕಳಿಸಿದ್ದ: ಆದದ್ದು ಆಗಿ ಹೋಯಿತು, ಬಾಯಾರು ಇನ್ನಾದರೂ ಸಿಟ್ಟು ಬಿಡಲಿ, ಒಂದು ಮಾತು ಹೇಳಿ ರಾಜಿ ಮಾಡಿಸಲಿ ಅಂತ.

ಆಶಾ ಹೇಳುತ್ತಿದ್ದಾಗ ತಿಕೋಟಾದ ಆ ತಾಯಿಯ ಮಗ ಅವಳ ಕೈ ಹಿಡಿದು ಉಪಕೇಂದ್ರದ ಕಟ್ಟೆಯ ಮೇಲೆ ಹೆಜ್ಜೆ ಹಾಕಲು ಕಲಿಯುತ್ತಿದ್ದ. ಬೀಳದ ಹಾಗೆ ಅವಳು ಹಿಂದೆ ಹಿಂದೆ ಬಗ್ಗಿ ನಡೆಯುತ್ತಿದ್ದಳು, ಅವನ ಮೊಣಕಾಲಿಗೆ ಬಟ್ಟೆಯ ಮೆತ್ತೆ ಕಟ್ಟಿದ್ದಳು.

"ಹೇಳು ಅವಗ," ಅಂದೆ. "ಈ ಹುಡುಗ ಸಾಲ್ಯಾಗ, ಹುಡುಗರ ನಡುವ, ಗ್ವಾಡಿ ಮುಂದ ನಿಂತು ಒಂದ ಧಾರಿ ಹೊಯ್ದು ಬಂದ ದಿನ ಕೇಳ್ಲಿ. ಅವತ್ತು ಬಿಡ್ತೀನಿ."